ಓದುಗರ ಪ್ರಶ್ನೆ, ನಮ್ಮ ಉತ್ತರ: ಎರಡು ರಾತ್ರಿ, ಒಂದೇ ಕಡಲೂರು

ಮಳೆಗಾಲ ಮುಗಿದು ದೀಪಾವಳಿ ಸಮೀಪಿಸುತ್ತಿದ್ದಂತೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಸಮುದ್ರದ ಕುರಿತಾಗಿಯೇ ಇವೆ. ಗದ್ದಲವಿಲ್ಲದ ಕಡಲ ತೀರದ ಊರೊಂದಕ್ಕೆ ಹೋಗಿ ಎರಡು ದಿನ ನಿರಾಳವಾಗಿ ಇದ್ದು ಬರಬೇಕೆಂಬ ಆಸೆ ಎಲ್ಲ ಪತ್ರಗಳಲ್ಲಿಯೂ ಇದೆ. ಅವುಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾವು ಗಂಡ-ಹೆಂಡತಿ, 8 ಮತ್ತು 11 ವರ್ಷದ ಇಬ್ಬರು ಮಕ್ಕಳು, ಜೊತೆಗೆ ಮಂಡಿನೋವಿರುವ ನಮ್ಮ ಅತ್ತೆಯವರು. ಎರಡು ರಾತ್ರಿಯ ಮಟ್ಟಿಗೆ ಸಮುದ್ರದ ಹತ್ತಿರ ಇದ್ದು ಬರಬೇಕೆಂದಿದ್ದೇವೆ. ಗೋವಾ ಬೇಡ, ಗೋಕರ್ಣದಲ್ಲಿ ಜನ ಹೆಚ್ಚು ಎಂದು ಕೇಳಿದ್ದೇವೆ. ಎಲ್ಲಿಗೆ ಹೋಗುವುದು ಒಳ್ಳೆಯದು? ಏನೇನು ವಿಚಾರಿಸಿಕೊಳ್ಳಬೇಕು?
— ಓದುಗರು, ಧಾರವಾಡ

ಉತ್ತರ: ಗೋಕರ್ಣದ ಕುಡ್ಲೆ ಮತ್ತು ಓಂ ಕಡಲತೀರಗಳು ನಿಜವಾಗಿಯೂ ಚೆಂದ, ಆದರೆ ಶನಿವಾರ ಭಾನುವಾರಗಳಲ್ಲಿ ಅಲ್ಲಿ ಶಾಂತಿಯನ್ನು ನಿರೀಕ್ಷಿಸುವಂತಿಲ್ಲ. ಅವುಗಳಾಚೆಯ ಹಾಫ್ ಮೂನ್, ಪ್ಯಾರಡೈಸ್ ತೀರಗಳು ಅಷ್ಟು ಗದ್ದಲದವಲ್ಲವಾದರೂ ಅಲ್ಲಿಗೆ ಗುಡ್ಡದ ಕಾಲುದಾರಿಯಲ್ಲಿ ನಡೆದು ಅಥವಾ ದೋಣಿಯಲ್ಲಿ ಹೋಗಬೇಕು. ಮಂಡಿನೋವಿನ ಹಿರಿಯರಿಗೆ ಎರಡೂ ಕಷ್ಟ. ಆದ್ದರಿಂದ ನಿಮ್ಮ ಕುಟುಂಬಕ್ಕೆ ಕುಮಟಾ ಸುತ್ತಲಿನ ತೀರವನ್ನು ಸೂಚಿಸುತ್ತೇನೆ. ಕುಮಟಾದಿಂದ ಪಶ್ಚಿಮಕ್ಕೆ ಸ್ವಲ್ಪವೇ ದೂರದಲ್ಲಿ ಬಾಡ, ಅದರ ಆಸುಪಾಸಿನಲ್ಲಿ ಕಡ್ಲೆ, ಕಾಗಾಲ, ಉತ್ತರಕ್ಕೆ ನದಿ ಸಮುದ್ರ ಸೇರುವಲ್ಲಿ ಅಘನಾಶಿನಿ, ದಕ್ಷಿಣಕ್ಕೆ ಹೊನ್ನಾವರದ ದಾರಿಯಲ್ಲಿ ಧಾರೇಶ್ವರ ಇವೆ. ತೆಂಗಿನ ತೋಟ, ಗಾಳಿ ಮರಗಳ ಸಾಲು, ಮೀನುಗಾರರ ಮನೆಗಳು, ಉದ್ದನೆಯ ಮರಳ ದಂಡೆ, ಇಷ್ಟೇ ಇರುವ ಊರುಗಳಿವು. ಇವುಗಳಲ್ಲಿ ನಿಮಗೆ ಬಾಡ ಅಥವಾ ಧಾರೇಶ್ವರ ಅನುಕೂಲ. ರಸ್ತೆ ಮರಳಿನ ಸಮೀಪದವರೆಗೂ ಹೋಗುವುದರಿಂದ ಅತ್ತೆಯವರು ಹೆಚ್ಚು ನಡೆಯದೆಯೇ ಸಮುದ್ರದ ಎದುರು ಕುಳಿತುಕೊಳ್ಳಬಹುದು. ಮೊಬೈಲ್ ನಕ್ಷೆಯಲ್ಲಿ ಹುಡುಕುವಾಗ ಮಾತ್ರ ಎಚ್ಚರವಿರಲಿ. ಕನಕದಾಸರ ಜನ್ಮಸ್ಥಳವಾದ ಶಿಗ್ಗಾವಿ ಕಡೆಯ ಬಾಡವೂ ಅದೇ ಹೆಸರಿನಲ್ಲಿ ಬರುತ್ತದೆ.

ದಾರಿಯ ವಿಷಯ. ಧಾರವಾಡದವರು ಹುಬ್ಬಳ್ಳಿಗೆ ಹೋಗುವ ಅಗತ್ಯವಿಲ್ಲ. ನೇರವಾಗಿ ಕಲಘಟಗಿಗೆ ಬಂದು, ಅಲ್ಲಿಂದ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ಮೂಲಕ ಕುಮಟಾ ತಲುಪಬಹುದು. ಇದು ಸುಮಾರು 165 ಕಿ.ಮೀ. ದಾರಿ, ಮಕ್ಕಳಿರುವ ಕಾರಿಗೆ ನಾಲ್ಕು ತಾಸಿಗಿಂತ ಸ್ವಲ್ಪ ಹೆಚ್ಚು ಇಟ್ಟುಕೊಳ್ಳಿ. ಅರಬೈಲ್ ಘಟ್ಟದಲ್ಲಿ ಭಾರದ ಲಾರಿಗಳ ಸಂಚಾರ ವಿಪರೀತ. ಬೆಳಗಿನ ಆರರ ಒಳಗೆ ಮನೆ ಬಿಟ್ಟು ಯಲ್ಲಾಪುರದಲ್ಲಿ ನಾಷ್ಟಾ ಮುಗಿಸಿದರೆ ಬಿಸಿಲೇರುವ ಮುಂಚೆ ಘಟ್ಟ ಇಳಿದಿರುತ್ತೀರಿ. ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾಗುವ ಸಂಭವವಿದ್ದರೆ ನಾಷ್ಟಾ ಹಗುರವಾಗಿರಲಿ, ಮತ್ತು ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಮೊಬೈಲ್ ಬೇಡ.

ಇನ್ನು ವಸತಿ. ಇಂಥ ಊರುಗಳಲ್ಲಿ ದೊಡ್ಡ ಹೋಟೆಲ್‌ಗಳಿಗಿಂತ ಹೋಂಸ್ಟೇಗಳೇ ಹೆಚ್ಚು. ಅಂದರೆ ಒಂದು ಕುಟುಂಬ ತನ್ನ ಮನೆಯ ಪಕ್ಕದ ಎರಡು-ಮೂರು ಕೋಣೆಗಳನ್ನು ಬಾಡಿಗೆಗೆ ಕೊಡುತ್ತದೆ. ಫೋಟೋ ನೋಡಿ ಹಣ ಕಟ್ಟುವ ಬದಲು ಮೊದಲು ಫೋನ್ ಮಾಡಿ, ಮನೆಯವರೊಂದಿಗೆ ಹತ್ತು ನಿಮಿಷ ಮಾತನಾಡಿ. ಕೋಣೆ ನೆಲಮಹಡಿಯಲ್ಲಿದೆಯೇ, ಶೌಚಾಲಯ ಕೋಣೆಗೆ ಹೊಂದಿಕೊಂಡಿದೆಯೇ, ಅದರಲ್ಲಿ ಕಮೋಡ್ ಇದೆಯೇ ಎಂಬ ಮೂರು ಪ್ರಶ್ನೆಗಳು ನಿಮ್ಮ ಅತ್ತೆಯವರ ದೃಷ್ಟಿಯಿಂದ ಮಿಕ್ಕೆಲ್ಲಕ್ಕಿಂತ ಮುಖ್ಯ. 'ಸಮುದ್ರಕ್ಕೆ ಹತ್ತಿರ' ಎಂದು ಹೇಳಿದರೆ ಎಷ್ಟು ನಿಮಿಷದ ನಡಿಗೆ, ನಡುವೆ ಮೆಟ್ಟಿಲು ಅಥವಾ ಬಂಡೆ ಇದೆಯೇ ಎಂದು ಕೇಳಿ. ಕರೆಂಟ್ ಹೋದರೆ ಫ್ಯಾನ್ ನಡೆಯುತ್ತದೆಯೇ ಎಂಬುದನ್ನೂ ವಿಚಾರಿಸಿ. ಕರಾವಳಿಯ ಸೆಕೆ ನಮ್ಮ ಕಡೆಯ ಬಿಸಿಲಿನಂತಲ್ಲ. ಗಾಳಿಯಲ್ಲಿ ತೇವ ಹೆಚ್ಚಾಗಿ ಬೆವರು ಆರುವುದೇ ಇಲ್ಲವಾದ್ದರಿಂದ, ಫ್ಯಾನಿಲ್ಲದ ರಾತ್ರಿ ವಯಸ್ಸಾದವರಿಗೆ ಬಹಳ ಕಷ್ಟವಾಗುತ್ತದೆ. ಊಟಕ್ಕೆ ಎಷ್ಟು ಜನ, ಯಾವ ಹೊತ್ತಿಗೆ ಎಂಬುದನ್ನು ಒಂದು ದಿನ ಮುಂಚೆಯೇ ತಿಳಿಸಬೇಕು. ಹಳ್ಳಿಯ ಮನೆಯಲ್ಲಿ ಬಂದವರ ಲೆಕ್ಕ ನೋಡಿಯೇ ಅಡುಗೆ ಮಾಡುತ್ತಾರೆ, ಹೊತ್ತಲ್ಲದ ಹೊತ್ತಿನಲ್ಲಿ ಕೇಳಿದರೆ ಅವರಿಗೂ ನಿಮಗೂ ಮುಜುಗರ.

ಅಲ್ಲಿಗೆ ಹೋದ ಮೇಲೆ ದಿನ ಹೇಗೆ ಕಳೆಯಬೇಕೆಂದು ನೀವು ಕೇಳಿಲ್ಲವಾದರೂ ಹೇಳಬೇಕೆನಿಸುತ್ತದೆ. ಬೆಳಗಿನ ಹೊತ್ತು ಮಕ್ಕಳನ್ನು ದಂಡೆಗೆ ಕರೆದೊಯ್ಯಿರಿ. ಅದೃಷ್ಟವಿದ್ದರೆ ಕೈರಂಪಣಿ ಎಳೆಯುವುದು ಕಾಣಸಿಗುತ್ತದೆ. ದೋಣಿಯೊಂದು ಬಲೆಯನ್ನು ನೀರಿನಲ್ಲಿ ಅರ್ಧಚಂದ್ರಾಕಾರವಾಗಿ ಇಳಿಸಿ ಬಂದ ಮೇಲೆ, ಅದರ ಎರಡು ತುದಿಯ ಹಗ್ಗಗಳನ್ನು ದಂಡೆಯ ಮೇಲೆ ಎರಡು ಗುಂಪುಗಳು ಹಿಡಿದು, ಹಿಮ್ಮಡಿಯನ್ನು ಮರಳಿನಲ್ಲಿ ಊರಿ, ಹಿಂದಕ್ಕೆ ಹೆಜ್ಜೆ ಹಾಕುತ್ತ ಎಳೆಯುತ್ತವೆ. ಬಲೆ ಹತ್ತಿರವಾದಂತೆ ಎರಡೂ ಗುಂಪುಗಳು ಒಂದರತ್ತ ಒಂದು ಸರಿಯುತ್ತ ಬಂದು, ಕೊನೆಗೆ ಬಂಗಡೆ, ತಾರ್ಲೆ, ಸಣ್ಣ ಸಿಗಡಿ ಎಲ್ಲವೂ ಒಂದೇ ರಾಶಿಯಾಗಿ ಮರಳ ಮೇಲೆ ಬೀಳುತ್ತವೆ. ಹಿಂದೆ ಇಡೀ ಊರೇ ಸೇರಿ ಎಳೆಯುತ್ತಿದ್ದ ದೊಡ್ಡ ರಂಪಣಿಗಳು 1970ರ ದಶಕದ ಕೊನೆಯ ಭಾಗದಿಂದ, ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಯಾಂತ್ರಿಕ ಪರ್ಸೀನ್ ದೋಣಿಗಳು ಬಂದ ಮೇಲೆ, ಬಹುಮಟ್ಟಿಗೆ ಮರೆಯಾದವು, ಈಗ ಉಳಿದಿರುವುದು ಈ ಸಣ್ಣ ಬಲೆಗಳು. ಮಕ್ಕಳು ಕೈಗೂಡಿಸಲು ಬಯಸಿದರೆ ಮೊದಲು ಕೇಳಿ; ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಒಣಗಲು ಹರಡಿದ ಬಲೆಯ ಮೇಲೆ ಮಾತ್ರ ಯಾರೂ ಕಾಲಿಡಬಾರದು.

ಬೆಳಗಿನ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ನೆರಳಿನಲ್ಲಿಯೇ ಇರಿ, ಮಲಗಿ, ಓದಿ. ಮರುದಿನ ಒಂದು ಸಣ್ಣ ತಿರುಗಾಟ ಸಾಕು. ಅಘನಾಶಿನಿಯಿಂದ ತದಡಿಗೆ ನದಿ ದಾಟುವ ದೋಣಿಯಲ್ಲಿ ಹೋಗಿ ಬನ್ನಿ. ಅಣೆಕಟ್ಟಿಲ್ಲದೆ ಹರಿಯುವ ಈ ನದಿಯ ಅಳಿವೆ ಪ್ರದೇಶ 2024ರಲ್ಲಿ ರಾಮ್ಸಾರ್ ತಾಣವಾಗಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಗಿ ಘೋಷಿತವಾಯಿತು. ನೀರು ಇಳಿದಾಗ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬೆಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವ ಹೆಂಗಸರು, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳು ಇವನ್ನೆಲ್ಲ ಮಕ್ಕಳಿಗೆ ತೋರಿಸಬಹುದು. ಎರೆಹೊಲದ ಜೋಳ, ಕಡಲೆ ನೋಡಿ ಬೆಳೆದ ಮಕ್ಕಳಿಗೆ ಉಪ್ಪುನೀರಿನ ಭತ್ತ ಒಂದು ದೊಡ್ಡ ಅಚ್ಚರಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಮ್ಮಲ್ಲಿ ಕಾರಿಲ್ಲ. ನಾನು ಮತ್ತು ನನ್ನ ಪತ್ನಿ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ಬರಲು ಸಾಧ್ಯವೇ?
— ಓದುಗರು, ಗದಗ-ಬೆಟಗೇರಿ

ಉತ್ತರ: ಖಂಡಿತ ಸಾಧ್ಯ, ಆದರೆ ಬಸ್ಸಿನಲ್ಲಿ ಹೋಗಿ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ನಮ್ಮ ಭಾಗದವರ ಬಹುಕಾಲದ ಬೇಡಿಕೆಯಾಗಿದ್ದರೂ ಇನ್ನೂ ಆಗಿಲ್ಲ. ರೈಲಿನಲ್ಲಿಯೇ ಹೋಗಬೇಕೆಂದರೆ ಲೋಂಡಾ ಮೇಲೆ ಮಡಗಾಂವ್‌ಗೆ ಹೋಗಿ, ಅಲ್ಲಿ ಕೊಂಕಣ ರೈಲ್ವೆಯ ಗಾಡಿ ಹಿಡಿದು ಕುಮಟಾಕ್ಕೆ ಇಳಿದು ಬರಬೇಕು. ದೂಧಸಾಗರ ಜಲಪಾತದ ಬಳಿಯ ಘಟ್ಟ ನೋಡುವ ಆಸೆಯಿದ್ದರೆ ಬೇರೆ ಮಾತು, ಎರಡು ರಾತ್ರಿಯ ವಿಶ್ರಾಂತಿಗೆ ಹೋಗುವವರಿಗೆ ಆ ಸುತ್ತು ಬೇಡ.

ಗದಗದಿಂದ ಹುಬ್ಬಳ್ಳಿಗೆ ಬಸ್ಸಿನ ಕೊರತೆಯಿಲ್ಲ. ಹುಬ್ಬಳ್ಳಿಯಿಂದ ಅಂಕೋಲಾ, ಕುಮಟಾ, ಕಾರವಾರ ಕಡೆಗೆ ವಾಯವ್ಯ ಕರ್ನಾಟಕ ಸಾರಿಗೆಯ ಬಸ್ಸುಗಳಿವೆ. ಹುಬ್ಬಳ್ಳಿಯಲ್ಲಿ ಒಂದಕ್ಕಿಂತ ಹೆಚ್ಚು ನಿಲ್ದಾಣಗಳಿರುವುದರಿಂದ, ನಿಮ್ಮ ಬಸ್ಸು ಎಲ್ಲಿಂದ ಹೊರಡುತ್ತದೆ ಎಂಬುದನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ನಿಮ್ಮ ಪತ್ನಿಯವರಿಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ, ರಾಜಹಂಸ, ಸ್ಲೀಪರ್‌ನಂಥ ಬಸ್ಸುಗಳಲ್ಲಿ ಇಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಅವರ ಕೈಚೀಲದಲ್ಲಿಯೇ ಇರಲಿ. ಕುಮಟಾ ನಿಲ್ದಾಣದಲ್ಲಿ ಇಳಿದ ಮೇಲೆ ಹಳ್ಳಿಯ ಬಸ್ಸಿಗೆ ಕಾಯುವುದಕ್ಕಿಂತ ಆಟೊ ಮಾಡಿಕೊಳ್ಳುವುದು ಒಳ್ಳೆಯದು. ಹೋಂಸ್ಟೇಯವರಿಗೆ ಮೊದಲೇ ಹೇಳಿದರೆ ಪರಿಚಯದ ಆಟೊದವರನ್ನು ಅವರೇ ಕಳುಹಿಸುತ್ತಾರೆ, ಬಾಡಿಗೆಯನ್ನೂ ತಿಳಿಸಿರುತ್ತಾರೆ. ಕತ್ತಲಾಗುವ ಮುಂಚೆ ಊರು ಸೇರುವಂತೆ ಹೊರಡಿ.

ಪ್ರಶ್ನೆ: ನಮ್ಮ ಇಬ್ಬರೂ ಗಂಡುಮಕ್ಕಳಿಗೆ ಈಜು ಚೆನ್ನಾಗಿ ಬರುತ್ತದೆ. ಆದರೂ ಸಮುದ್ರವೆಂದರೆ ನನಗೆ ಭಯ. ನನ್ನ ಭಯ ಅತಿಯಾಯಿತೆಂದು ಮನೆಯವರು ಹೇಳುತ್ತಾರೆ.
— ತಾಯಿಯೊಬ್ಬರು, ಹುಬ್ಬಳ್ಳಿ

ಉತ್ತರ: ತಾಯೀ, ನಿಮ್ಮ ಭಯ ಅತಿಯಾದುದಲ್ಲ. ಅದನ್ನು ಮನೆಯವರೆಲ್ಲರೂ ಗೌರವಿಸಬೇಕು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಜೀವ ಕಳೆದುಕೊಂಡದ್ದು ನಿಮಗೆ ನೆನಪಿರಬಹುದು. ನಮ್ಮ ಭಾಗದ ಹುಡುಗರು ಈಜು ಕಲಿಯುವುದು ಬಾವಿಯಲ್ಲಿ, ಕೆರೆಯಲ್ಲಿ, ಮಲಪ್ರಭಾ ಕಾಲುವೆಯಲ್ಲಿ, ಇಲ್ಲವೇ ನಗರದ ಈಜುಕೊಳದಲ್ಲಿ. ಆ ಈಜು ನಿಂತ ನೀರಿಗೆ ಅಥವಾ ಒಂದೇ ದಿಕ್ಕಿಗೆ ಹರಿಯುವ ನೀರಿಗೆ ಸಾಕು. ಸಮುದ್ರದಲ್ಲಿ ಅಪಾಯ ಬರುವುದು ಅಲೆಯಿಂದಲ್ಲ, ಅಲೆ ಹಿಂದಿರುಗುವ ರೀತಿಯಿಂದ.

ಅಲೆಗಳು ದಂಡೆಗೆ ತಂದು ಹಾಕಿದ ನೀರು ಮರಳಿ ಹೋಗಲೇಬೇಕಲ್ಲವೇ? ಅದು ಎಲ್ಲ ಕಡೆಯೂ ಸಮನಾಗಿ ಹಿಂದಿರುಗುವುದಿಲ್ಲ. ಮರಳಿನ ತಳದಲ್ಲಿ ಎಲ್ಲಿ ಸ್ವಲ್ಪ ಆಳದ ಓಣಿಯಿದೆಯೋ ಅಲ್ಲಿ ಒಟ್ಟಾಗಿ, ಕಿರಿದಾದ ಹೊಳೆಯಂತೆ, ಬಹಳ ವೇಗವಾಗಿ ಒಳಸಮುದ್ರದತ್ತ ಹರಿಯುತ್ತದೆ. ಕಷ್ಟವೆಂದರೆ ಆ ಜಾಗವೇ ನೋಡುವವರ ಕಣ್ಣಿಗೆ ಶಾಂತವಾಗಿ ಕಾಣುತ್ತದೆ. ಎರಡೂ ಪಕ್ಕದಲ್ಲಿ ಅಲೆಗಳು ಬಿಳಿಯಾಗಿ ಒಡೆಯುತ್ತಿದ್ದರೆ ಇಲ್ಲಿ ಒಡೆಯುವುದಿಲ್ಲ, ನೀರು ತುಸು ಕಪ್ಪಾಗಿರುತ್ತದೆ, ನೊರೆ ಅಥವಾ ಕಸ ಒಳಸಮುದ್ರದತ್ತ ಸಾಗುತ್ತಿರುತ್ತದೆ. 'ಇಲ್ಲಿ ಅಲೆ ಕಡಿಮೆ' ಎಂದು ಹೊರಗಿನಿಂದ ಬಂದವರು ಅಲ್ಲಿಯೇ ಇಳಿಯುತ್ತಾರೆ. ಅದಕ್ಕಾಗಿಯೇ ನೀರಿಗಿಳಿಯುವ ಮುನ್ನ ಹತ್ತು ನಿಮಿಷ ಎತ್ತರದಲ್ಲಿ ನಿಂತು ನೋಡಬೇಕು, ಮತ್ತು ಆ ಊರಿನ ಮೀನುಗಾರರನ್ನು ಕೇಳಬೇಕು. ಎಲ್ಲಿ ಇಳಿಯಬಾರದೆಂಬುದು ಅವರಿಗೆ ಗೊತ್ತಿರುತ್ತದೆ.

ಸೆಳೆತಕ್ಕೆ ಸಿಕ್ಕಿದವರು ಸಾಮಾನ್ಯವಾಗಿ ನೇರವಾಗಿ ದಂಡೆಯತ್ತ ಈಜಲು ಹೋಗಿ ದಣಿದು ಮುಳುಗುತ್ತಾರೆ. ನಿಮ್ಮ ಮಕ್ಕಳಿಗೆ ಇದನ್ನು ಮನದಟ್ಟು ಮಾಡಿಸಿ: ಸೆಳೆತದ ಎದುರು ಹೋರಾಡಬಾರದು; ಮೊದಲು ತೇಲಬೇಕು, ಉಸಿರು ಹಿಡಿತಕ್ಕೆ ಬಂದ ಮೇಲೆ ದಂಡೆಗೆ ಸಮಾನಾಂತರವಾಗಿ, ಅಂದರೆ ಎಡಕ್ಕೋ ಬಲಕ್ಕೋ ಈಜಿ ಆ ಕಿರಿದಾದ ಹರಿವಿನಿಂದ ಹೊರಬಂದು, ಆಮೇಲೆ ಅಲೆ ಒಡೆಯುವ ಕಡೆಯಿಂದ ದಂಡೆಗೆ ಬರಬೇಕು. ಆಗದಿದ್ದರೆ ಕೈ ಎತ್ತಿ ತೇಲುತ್ತಿರಬೇಕು. ದಂಡೆಯ ಮೇಲಿದ್ದವರು ಗಾಬರಿಯಿಂದ ಹಿಂದೆಯೇ ಧುಮುಕಿದರೆ ಒಬ್ಬರ ಬದಲು ಇಬ್ಬರು ಹೋಗುತ್ತಾರೆ. ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಗಾಳಿ ತುಂಬಿದ ಟ್ಯೂಬು, ಏನು ಸಿಕ್ಕರೆ ಅದನ್ನು ಎಸೆದು ಮೀನುಗಾರರನ್ನು ಕೂಗಬೇಕು, 112ಕ್ಕೆ ಕರೆ ಮಾಡಬೇಕು. ಪ್ರಸಿದ್ಧ ತೀರಗಳಲ್ಲಿ ಜೀವರಕ್ಷಕರು ಇರುತ್ತಾರೆ, ಆದರೆ ನೀವು ಹುಡುಕುತ್ತಿರುವಂಥ ಶಾಂತ ಹಳ್ಳಿಗಳಲ್ಲಿ ಅವರನ್ನು ನಂಬಿಕೊಂಡಿರಲು ಆಗುವುದಿಲ್ಲ. ಆದ್ದರಿಂದ ಅಲ್ಲಿ ಮೊಣಕಾಲಿನ ಮಟ್ಟದ ನೀರೇ ಕೊನೆ ಎಂಬ ನಿಯಮವನ್ನು ಈಜು ಬಲ್ಲವರೂ ಪಾಲಿಸಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ನದಿ ಸಮುದ್ರ ಸೇರುವ ಬಾಯಲ್ಲಿ ಇಳಿತದ ಹೊತ್ತಿಗೆ ಇಡೀ ನದಿಯೇ ಹೊರಗೆ ನುಗ್ಗುತ್ತಿರುವುದರಿಂದ ಅಲ್ಲಿಯಂತೂ ಕಾಲನ್ನೂ ಇಳಿಸಬಾರದು.

ಭರತ-ಇಳಿತದ ಬಗ್ಗೆ ಒಂದು ಮಾತು. ದಿನಕ್ಕೆ ಎರಡು ಬಾರಿ ನೀರು ಏರಿ ಎರಡು ಬಾರಿ ಇಳಿಯುತ್ತದೆ, ಮತ್ತು ಈ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಕೆ ಇಳಿಕೆ ಎರಡೂ ಹೆಚ್ಚು. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ ಅಷ್ಟಮಿಯ ಹತ್ತಿರದ ದಿನಗಳನ್ನು ಆರಿಸಿಕೊಂಡರೆ ನೀರಿನ ಏರಿಳಿತ ಸೌಮ್ಯವಾಗಿರುತ್ತದೆ.

ಪ್ರಶ್ನೆ: ಹೇಗೂ ಅಷ್ಟು ದೂರ ಹೋಗುತ್ತೇವೆ. ಹಾಗೆಯೇ ಇಡಗುಂಜಿ, ಮುರುಡೇಶ್ವರ, ಗೋಕರ್ಣ, ಬರುವಾಗ ಜೋಗ, ಶಿರಸಿ ಮಾರಿಕಾಂಬೆ ಎಲ್ಲವನ್ನೂ ಮುಗಿಸಿಕೊಂಡು ಬರಬಹುದೇ?
— ಓದುಗರು, ರಾಣೆಬೆನ್ನೂರು

ಉತ್ತರ: ಬರಬಹುದು, ಆದರೆ ಅದು ವಿಶ್ರಾಂತಿಯ ಪ್ರವಾಸವಾಗುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹೀಗೆ ಯೋಚಿಸುವುದು ಸಹಜ. ಗಾಡಿ ಮಾಡಿದ ಖರ್ಚು ದಕ್ಕಬೇಕು, ದಾರಿಯಲ್ಲಿನ ದೇವರಿಗೆ ಕೈಮುಗಿಯದೆ ಬಂದರೆ ಹಿರಿಯರಿಗೆ ಸಮಾಧಾನವಾಗದು. ಆ ಭಾವನೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೀವು ಬರೆದ ಪಟ್ಟಿಯನ್ನು ಎರಡು ದಿನಗಳಲ್ಲಿ ಮುಗಿಸಲು ಹೊರಟರೆ ಹೆಚ್ಚಿನ ಹೊತ್ತು ಗಾಡಿಯೊಳಗೇ ಹೋಗುತ್ತದೆ, ಸಮುದ್ರ ಕಾಣುವುದು ಕಿಟಕಿಯಿಂದ. ಹಾವೇರಿ ಜಿಲ್ಲೆಯವರಿಗೆ ಶಿರಸಿ, ದೇವಿಮನೆ ಘಟ್ಟದ ಮೇಲೆ ಕುಮಟಾಕ್ಕೆ ಇಳಿಯುವುದು ಹತ್ತಿರದ ದಾರಿಯಾದ್ದರಿಂದ, ಹೋಗುವಾಗ ಮಾರಿಕಾಂಬೆಯ ದರ್ಶನ ತಾನಾಗಿಯೇ ಆಗುತ್ತದೆ. ಅದು ಸಾಕು. ಆ ಘಟ್ಟದಲ್ಲಿ ರಸ್ತೆ ಅಗಲೀಕರಣಕ್ಕಾಗಿ ಸಂಚಾರ ನಿರ್ಬಂಧಿಸಿದ ಉದಾಹರಣೆಗಳಿರುವುದರಿಂದ ಹೊರಡುವ ಮುನ್ನ ಶಿರಸಿಯಲ್ಲಿ ಯಾರನ್ನಾದರೂ ವಿಚಾರಿಸಿ. ಮುರುಡೇಶ್ವರ, ಇಡಗುಂಜಿ ಬೇಕೇ ಬೇಕೆಂದರೆ ಅದನ್ನು ಬೇರೆಯದೇ ಯಾತ್ರೆಯಾಗಿ ಮಾಡಿ. ದೇವರ ಮುಂದೆಯೂ ಅವಸರ ಮಾಡಬೇಕಾಗುವುದಿಲ್ಲ.

ಊರಲ್ಲಿ ಕುಳಿತು ಬೇಸರವಾಯಿತೆನಿಸಿದರೆ ಕುಮಟಾದಿಂದ ಹತ್ತು-ಹನ್ನೊಂದು ಕಿ.ಮೀ. ದೂರದ ಮಿರ್ಜಾನ ಕೋಟೆಗೆ ಒಂದು ಮುಂಜಾನೆ ಹೋಗಿ ಬನ್ನಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಚಿರೆಕಲ್ಲಿನ ಕೋಟೆ ಅದು, ಹೆದ್ದಾರಿಗೆ ಹತ್ತಿರವೇ ಇದೆ.

ಪ್ರಶ್ನೆ: ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಮೀನುಗಾರರ ಊರಿನಲ್ಲಿ ಊಟದ ಗತಿ ಏನು? ಅಪ್ಪನಿಗೆ ರೊಟ್ಟಿಯಿಲ್ಲದೆ ಆಗುವುದಿಲ್ಲ.
— ಓದುಗರು, ಹಾವೇರಿ

ಉತ್ತರ: ಚಿಂತೆ ಬೇಡ. ಕುಮಟಾ, ಹೊನ್ನಾವರ ಕಡೆ ಸಸ್ಯಾಹಾರಿ ಮನೆಗಳು ಧಾರಾಳವಾಗಿವೆ, ಅವರು ನಡೆಸುವ ಹೋಂಸ್ಟೇಗಳೂ ಇವೆ. ಕೋಣೆ ಕಾಯ್ದಿರಿಸುವಾಗಲೇ ಕೇಳಿ ಅಂಥದನ್ನೇ ಆರಿಸಿಕೊಳ್ಳಿ. ತಂಬುಳಿ, ಅಪ್ಪೆಹುಳಿ, ಹಲಸಿನ ಹಪ್ಪಳ, ಬೆಳಗಿಗೆ ಬನ್ಸು ಅಥವಾ ತೆಳ್ಳೇವು (ತೆಳು ದೋಸೆ) ಸಿಗುತ್ತದೆ. ಕುಚ್ಚಲಕ್ಕಿ ಅನ್ನ ಒಗ್ಗದಿದ್ದರೆ ಬೆಳ್ತಿಗೆ, ಅಂದರೆ ಕುದಿಸದ ಬಿಳಿ ಅಕ್ಕಿಯ ಅನ್ನ ಮಾಡಲು ಹೇಳಿ. ಜೋಳದ ರೊಟ್ಟಿ ಅಲ್ಲಿ ಸಿಗುವ ಭರವಸೆಯಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಕೊಂಡು ಹೋದರೆ ಅಪ್ಪನವರ ಮೂರು ದಿನ ಸುಖವಾಗಿ ಕಳೆಯುತ್ತದೆ. ಕರಾವಳಿಯ ತೇವಕ್ಕೆ ರೊಟ್ಟಿ ಬೇಗ ಮೆತ್ತಗಾಗುತ್ತದೆ, ಆದ್ದರಿಂದ ಬುತ್ತಿಯ ಬಟ್ಟೆಯೊಂದೇ ಸಾಲದು, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮನೆಯವರಿಗೂ ನಾಲ್ಕು ರೊಟ್ಟಿ ಕೊಡಿ; ಅವರು ಸಂತೋಷದಿಂದ ತಿನ್ನುತ್ತಾರೆ.

ಪ್ರಶ್ನೆ: ನಾವು ಐದು ಜನ ಗೆಳೆಯರು ದಂಡೆಯ ಮೇಲೆ ಟೆಂಟ್ ಹಾಕಿ, ಬೆಂಕಿ ಹಾಕಿಕೊಂಡು ರಾತ್ರಿ ಕಳೆಯಬೇಕೆಂದಿದ್ದೇವೆ.
— ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಹಾಗೆ ಮಾಡಬೇಡಿ. ರಾತ್ರಿಯ ಭರತ ಎಲ್ಲಿಯವರೆಗೆ ಬರುತ್ತದೆಂಬುದು ನಿಮಗೆ ತಿಳಿಯದು. ಅದಕ್ಕಿಂತ ದೊಡ್ಡ ಕಾರಣವೆಂದರೆ, ಚಳಿಗಾಲದ ತಿಂಗಳುಗಳಲ್ಲಿ ಉತ್ತರ ಕನ್ನಡದ ತೀರಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ಹೊತ್ತು ಬಂದು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಬೆಳಕು, ಬೆಂಕಿ, ಗದ್ದಲ ಕಂಡರೆ ತಾಯಿ ಆಮೆ ಮೊಟ್ಟೆಯಿಡದೆ ಹಿಂದಿರುಗುತ್ತದೆ. ಮರಿಗಳು ಮೊಟ್ಟೆಯೊಡೆದು ಹೊರಬಂದಾಗ ಸಮುದ್ರದ ಮೇಲಿನ ಬೆಳಕಿನ ಬದಲು ನಿಮ್ಮ ಬೆಂಕಿಯತ್ತ ಹರಿದು ಸಾಯುತ್ತವೆ. ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾಯ್ದ ಗೂಡುಗಳನ್ನು ಕಂಡರೆ ದೂರದಿಂದಲೇ ನೋಡಿ. ತೋಟದೊಳಗೆ ಟೆಂಟ್ ಹಾಕಲು ಜಾಗ ಕೊಡುವ ಮನೆಗಳಿರುತ್ತವೆ, ಕೇಳಿ ಅಲ್ಲಿ ತಂಗಿ. ಬಾಟಲಿ, ಪ್ಲಾಸ್ಟಿಕ್ ತಟ್ಟೆಗಳನ್ನು ದಂಡೆಯಲ್ಲಿ ಬಿಡದೆ ಮರಳಿ ತನ್ನಿ. ಬರಿಗಾಲಲ್ಲಿ ಬಲೆ ಎಳೆಯುವವರ ದಂಡೆ ಅದು.

ಪ್ರಶ್ನೆ: ಮಳೆಗಾಲದಲ್ಲಿ ಬಾಡಿಗೆ ಕಡಿಮೆ, ಜನವೂ ಇರುವುದಿಲ್ಲ. ಆಗಲೇ ಹೋದರೆ ಆಗದೇ?
— ಓದುಗರು, ಲಕ್ಷ್ಮೇಶ್ವರ

ಉತ್ತರ: ಜೂನ್, ಜುಲೈ ತಿಂಗಳುಗಳನ್ನು ಬಿಟ್ಟುಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ. ಕಡಲನ್ನೇ ನಂಬಿ ಬದುಕುವವರ ಬೋಟುಗಳು ದಡ ಸೇರಿರುವಾಗ ನಾವು ನೀರಿನ ಹತ್ತಿರ ಸುಳಿಯುವುದು ಸರಿಯಲ್ಲ. ದಾರಿಯೂ ನಂಬುವಂಥದ್ದಲ್ಲ. 2021ರ ಜುಲೈ ಮಳೆಗೆ ಅರಬೈಲ್ ಘಟ್ಟದಲ್ಲಿ ರಸ್ತೆ ಕುಸಿದು ಸಂಚಾರ ನಿಂತಿತ್ತು. 2024ರ ಜುಲೈ 16ರಂದು ಅಂಕೋಲಾ ಸಮೀಪದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರೇ ಸಾವಿಗೀಡಾದರು.

ಜನ ಕಡಿಮೆಯಿರಬೇಕು, ಬಾಡಿಗೆಯೂ ಹಗುರವಾಗಿರಬೇಕು ಎಂದಾದರೆ ದೀಪಾವಳಿ ರಜೆ ಮುಗಿದ ನಂತರದ ನವೆಂಬರ್ ದಿನಗಳಲ್ಲಿ ಅಥವಾ ಸಂಕ್ರಾಂತಿಯಾದ ಮೇಲೆ ಜನವರಿ ಕೊನೆಯಲ್ಲಿ, ಸೋಮವಾರದಿಂದ ಗುರುವಾರದೊಳಗೆ ಹೋಗಿ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗೆ ಕೋಣೆ ಸಿಗುವುದೇ ಕಷ್ಟ. ಮಹಾಶಿವರಾತ್ರಿಯ ಆಸುಪಾಸಿನಲ್ಲಿ ಗೋಕರ್ಣದ ರಥೋತ್ಸವಕ್ಕೆ ಬರುವ ಜನದಿಂದ ಸುತ್ತಲಿನ ಬಸ್ಸುಗಳೂ ತುಂಬಿರುತ್ತವೆ. ಮಾರ್ಚ್ ಕಳೆದ ಮೇಲೆ ಸೆಕೆ ಏರುವುದರಿಂದ ಹಿರಿಯರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಫೆಬ್ರುವರಿಯೊಳಗೇ ಹೋಗಿ ಬರುವುದು ಲೇಸು.